ಎದುರು ಕುರ್ಚಿ

ಹೊಸ ಕಾಲೇಜಿಗೆ ಬಂದ ಮೊದಲ ವಾರವೇ ಅವಳಿಗೆ ನೆಂಟರಮ್ಮ ಎಂದು ಹೆಸರು ಬಿತ್ತು. ಇಟ್ಟವನು ಹಿಂದಿನ ಸಾಲಿನ ಮೈಕು. ಅವನಿಗೂ ಅದು ಹೆತ್ತವರು ಇಟ್ಟ ಹೆಸರಲ್ಲ. ಗುಟ್ಟು ಹೇಳಿದರೂ ನಾಲ್ಕು ಬೆಂಚಿನಾಚೆ ಕೇಳಿಸುವ ಗಂಟಲು ಅವನದು. ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗೆ, ಗೆರೆ ಎಳೆದು ಬೇರೆಯಾಗಿತ್ತು. "ಇವರು ನಮ್ಮ ಕಾಲೇಜಿನವರಲ್ಲ, ಒಂದು ವರ್ಷದ ಮಟ್ಟಿಗೆ ಬಂದಿದ್ದಾರೆ" ಎಂದು ಮೇಷ್ಟ್ರು ಹೇಳಿದ್ದೇ ತಡ, "ಹಾಗಾದ್ರೆ ನೆಂಟರಮ್ಮ ಅನ್ನಿ ಸಾರ್" ಎಂದುಬಿಟ್ಟ. ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು. ಬೇರೆ ಊರಿನಲ್ಲಿ ಮೊದಲ ವಾರ ಎಲ್ಲದಕ್ಕೂ ನಗುವುದೇ ಕ್ಷೇಮ.

ಅವಳೇನು ಊರು ನೋಡಲು ಬಂದವಳಲ್ಲ. ಕಾನೂನು ಓದಿನ ಕೊನೆಯ ವರ್ಷ, ತನ್ನ ಕಾಲೇಜಿನಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು, ಗೆಳತಿಯರಿದ್ದರು, ಕಿಟಕಿ ಪಕ್ಕದ ಜಾಗವಿತ್ತು. ಆದರೆ ಈ ಊರಿನಲ್ಲಿ ಅಕ್ಕ ಬಸುರಿ. ಹಿಂದೆ ಒಂದು ಸಲ ಗರ್ಭ ಕೈತಪ್ಪಿ ಹೋಗಿದ್ದರಿಂದ, ಈ ಸಲ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಭಾವ ಲಾರಿ ಓಡಿಸುವವರು. ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಅಮ್ಮ ಇದ್ದಿದ್ದರೆ ಅಮ್ಮ ಬರುತ್ತಿದ್ದಳು. ಇಲ್ಲವಾದ್ದರಿಂದ ತಂಗಿ ಬಂದಳು. ಎರಡು ಕಾಲೇಜುಗಳೂ ಮಾತಾಡಿಕೊಂಡು ಒಪ್ಪಿದವು: ಓದು ಇಲ್ಲಿ, ಪದವಿ ಅಲ್ಲಿ. ಒಂದೇ ಷರತ್ತು. ಇಲ್ಲಿನ ಕಾನೂನು ನೆರವು ಕೇಂದ್ರದಲ್ಲಿ ಒಂದು ನಿಜವಾದ ಕೇಸನ್ನು ಕೊನೆತನಕ ನಡೆಸಿ, ಕೇಂದ್ರದ ಮೇಡಂ ಕೈಯಲ್ಲಿ ಸಹಿ ಹಾಕಿಸಿಕೊಳ್ಳಬೇಕು.

ಕಾಲೇಜೆಂದರೆ ಎಲ್ಲ ಕಡೆ ಒಂದೇ ಎಂದು ತಿಳಿದವರು ಒಂದು ಕಾಲೇಜಷ್ಟೇ ನೋಡಿರುತ್ತಾರೆ. ಕಾನೂನಿನ ಪುಸ್ತಕಗಳೇನೋ ಅವೇ, ಅದೇ ದಪ್ಪ, ಅದೇ ನಿದ್ದೆ. ಮಿಕ್ಕಿದ್ದೆಲ್ಲ ಬೇರೆ. ಅಲ್ಲಿ ಉತ್ತರ ಹೇಳುವಾಗ ಎದ್ದು ನಿಲ್ಲಬೇಕಿತ್ತು. ಇಲ್ಲಿ ಅವಳು ಎದ್ದು ನಿಂತರೆ ಹೊರಗೆ ಹೋಗುತ್ತಾಳೇನೋ ಎಂದು ಪಕ್ಕದವರು ಕಾಲು ಮಡಚಿ ದಾರಿ ಬಿಟ್ಟರು. ಅಲ್ಲಿ ಲೈಬ್ರರಿಯಲ್ಲಿ ಪಿಸುಗುಟ್ಟಿದರೂ ಗದರುತ್ತಿದ್ದರು. ಇಲ್ಲಿ ಲೈಬ್ರರಿಯಲ್ಲೇ ಜಗಳ, ಲೈಬ್ರರಿಯಲ್ಲೇ ರಾಜಿ.

"ಹೇಗಿದೆಯೇ ಹೊಸ ಕಾಲೇಜು?" ಎಂದು ಅಕ್ಕ ಮಲಗಿದಲ್ಲಿಂದಲೇ ಕೇಳುತ್ತಿದ್ದಳು. ದಿನವಿಡೀ ಚಾವಣಿ ನೋಡಿ ಬೇಸತ್ತವಳಿಗೆ ತಂಗಿಯ ಕಾಲೇಜೇ ಸಿನಿಮಾ.

"ಹೊಸ ಚಪ್ಪಲಿ ಥರ ಇದೆ. ಚೆನ್ನಾಗೇನೋ ಇದೆ, ಕಚ್ಚುತ್ತೆ."

"ಸವೆಸು. ಸರಿಹೋಗುತ್ತೆ. ಮೊದ್ಲು ಆ ದಿಂಬು ಸ್ವಲ್ಪ ಮೇಲೆತ್ತು ಲಾಯರಮ್ಮ. ನಿನ್ನ ಅಕ್ಕನ ಕತ್ತೂ ಒಂದು ಕೇಸೇ."

ನೆರವು ಕೇಂದ್ರ ಕಾಲೇಜಿನ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ತಾಗಿದ ಕೋಣೆ. ಒಂದು ಉದ್ದನೆ ಮೇಜು, ಬಾಗಿಲು ಸರಿಯಾಗಿ ಮುಚ್ಚದ ಬೀರು, ಬಂದವರು ಕೂರಲು ಬೆಂಚು. ವಕೀಲರಿಗೆ ಹಣ ಕೊಡಲಾಗದವರು ಅಲ್ಲಿಗೆ ಬರುತ್ತಿದ್ದರು. ವಿದ್ಯಾರ್ಥಿಗಳು ಇಬ್ಬಿಬ್ಬರು ಸೇರಿ ಒಂದು ಕೇಸು ಹಿಡಿಯುವುದು, ಮೇಡಂ ಬೆನ್ನಿಗಿರುವುದು. ಅವಳನ್ನು ಮೈಕಿನ ಜೊತೆ ಹಾಕಿದರು. ಅವರ ಪಾಲಿಗೆ ಬಂದದ್ದು ಒಬ್ಬ ಅಜ್ಜಿ.

ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತಿಯಾದವರು. ಇಸ್ತ್ರಿ ಮಾಡಿದ ಬಟ್ಟೆ, ನೆಟ್ಟಗೆ ಕೂರುವ ಬೆನ್ನು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಮಾತು. ಅವರ ಮುಂದೆ ಮೈಕು ಕೂಡ ದನಿ ತಗ್ಗಿಸಿದ. ಅವರಿಗಿದ್ದದ್ದು ಒಬ್ಬನೇ ಮಗ. ಎರಡು ವರ್ಷದ ಹಿಂದೆ ಜ್ವರವೆಂದು ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಸೊಸೆ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಸ್ವಲ್ಪ ದಿನ ಜೊತೆಗಿದ್ದು, ಆಮೇಲೆ ಕೆಲಸದ ಜಾಗಕ್ಕೆ ಹತ್ತಿರವೆಂದು ಬೇರೆ ಮನೆ ಮಾಡಿದಳು. ಮೊಮ್ಮಗನನ್ನು ವಾರಕ್ಕೊಮ್ಮೆ ಅಜ್ಜಿಯ ಬಳಿ ಬಿಟ್ಟುಹೋಗುತ್ತಿದ್ದಳು. ಈಗ ಒಂದು ವರ್ಷದಿಂದ ಅದೂ ನಿಂತಿತ್ತು. ಫೋನ್ ಮಾಡಿದರೆ "ಅವನು ಬರಲ್ಲ" ಎಂಬ ಒಂದೇ ಮಾತು. ಮೊಮ್ಮಗನನ್ನು ನೋಡಲು ಅವಕಾಶ ಕೊಡಿಸಿ ಎಂದು ಅಜ್ಜಿ ಅರ್ಜಿ ಹಾಕಿದ್ದರು.

"ಜಗಳ ಏನಾದ್ರೂ ಆಗಿತ್ತಾ ಅಜ್ಜಿ?" ಎಂದು ನೆಂಟರಮ್ಮ ಕೇಳಿದಳು.

"ಜಗಳಾನಾ? ನನಗೂ ಅವಳಿಗೂ ಒಂದು ಮಾತು ಹೆಚ್ಚುಕಮ್ಮಿ ಆಗಿದ್ದಿಲ್ಲ. ನಮ್ಮ ಕೆಲಸದಲ್ಲಿ ಏನು ಗೊತ್ತಾ? ಲೈನ್ ಕೊಟ್ಟ ಮೇಲೆ ಕಿವಿ ತೆಗೆದುಬಿಡ್ಬೇಕು. ಯಾರು ಏನು ಮಾತಾಡ್ತಾರೆ ಅಂತ ಕೇಳೋ ಹಾಗಿಲ್ಲ. ಮನೇಲೂ ನಾನು ಹಾಗೇ ಇದ್ದೆ. ಮಗ ಸೊಸೆ ಮಾತಾಡ್ತಿದ್ರೆ ಆ ಕಡೆ ಕಿವಿ ಕೊಟ್ಟೋಳೇ ಅಲ್ಲ."

"ಮಗು ಬಂದಾಗ ಏನೇನು ಮಾಡ್ತಿದ್ರಿ?"

ಅಷ್ಟು ಕೇಳಿದ್ದೇ, ಅಜ್ಜಿಯ ಮುಖ ಅರಳಿತು. "ಅಯ್ಯೋ, ಏನು ಮಾಡ್ತಿರ್ಲಿಲ್ಲ ಕೇಳು! ಅವರಪ್ಪನ ಕೋಣೆ ಹೇಗಿತ್ತೋ ಹಾಗೇ ಇಟ್ಟಿದೀನಿ. ಅವರಪ್ಪನ ಮಂಚದಲ್ಲೇ ಮಲಗಿಸ್ತಿದ್ದೆ. ನನ್ನ ಮಗ ಚಿಕ್ಕವನಿದ್ದಾಗಿನ ಸ್ವೆಟರು ಇಟ್ಟಿದ್ದೆನಲ್ಲ, ಅದನ್ನೇ ಹಾಕ್ತಿದ್ದೆ. ಅಳತೆ ಮಾಡಿ ಹೊಲಿಸಿದ ಹಾಗೆ ಕೂರ್ತಿತ್ತು. ನನ್ನ ಮಗನ್ನ ಮನೇಲಿ ಗುಬ್ಬಿ ಅಂತಿದ್ವಿ. ಇವನನ್ನೂ ಗುಬ್ಬಿ ಅಂತಾನೇ ಕರೀತಿದ್ದೆ. ಮೊದಮೊದ್ಲು ತಿರುಗಿ ನೋಡ್ತಿರ್ಲಿಲ್ಲ. ಆಮೇಲಾಮೇಲೆ ಗುಬ್ಬೀ ಅಂದ್ರೆ ಸಾಕು, ಓ ಅಂತ ಓಡಿ ಬರ್ತಿದ್ದ."

ಹೇಳುವಾಗ ಅಜ್ಜಿಯ ಕಣ್ಣು ಹೊಳೆಯುತ್ತಿತ್ತು. ಬರೆದುಕೊಳ್ಳುತ್ತಿದ್ದ ನೆಂಟರಮ್ಮನ ಪೆನ್ನು ಅಲ್ಲೊಮ್ಮೆ ನಿಂತಿತು. ಮೈಕಿಗೆ ಏನೂ ಅನ್ನಿಸಲಿಲ್ಲ. ಅವನು ಅಜ್ಜಿಗೆ ಚಹಾ ತರಲು ಎದ್ದಿದ್ದ.

ಅಜ್ಜಿಗೂ ಅವಳಿಗೂ ಬಲು ಬೇಗ ಹೊಂದಿಕೆಯಾಯಿತು. ಅವಳು ಈ ಊರಿಗೆ ಒಂದು ವರ್ಷದ ಮಟ್ಟಿಗೆ ಬಂದವಳು ಎಂದು ತಿಳಿದಾಗ ಅಜ್ಜಿ, "ಹಾಗಾದ್ರೆ ನೀನೂ ಒಂಟಿ ಅನ್ನು" ಎಂದು ಅವಳ ಕೈಹಿಡಿದರು. ಅಕ್ಕನ ವಿಷಯ ಕೇಳಿ, ಕಾಲು ಊದಿಕೊಂಡರೆ ಏನು ಮಾಡಬೇಕೆಂದು ಹೇಳಿಕೊಟ್ಟರು. ಅವಳು ಮನೆಗೆ ಹೋಗಿ ಹಾಗೆಯೇ ಮಾಡಿದಳು, ಊತ ಇಳಿಯಿತು. ಈ ಕೇಸು ಗೆದ್ದೇ ತೀರಬೇಕೆಂದು ಅವಳು ಆಗಲೇ ಗಟ್ಟಿಮಾಡಿಕೊಂಡಳು. ಸಹಿಯ ಆಸೆ ಇತ್ತು, ಇಲ್ಲವೆನ್ನಲಾಗದು. ಆದರೆ ಅಜ್ಜಿಯ ಮೇಲಿನ ಪ್ರೀತಿ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ಇಲ್ಲಿ ಅವಳ ಹಳೆಯ ಕಾಲೇಜಿನ ಒಂದು ಪದ್ಧತಿಯನ್ನು ಹೇಳಲೇಬೇಕು, ಆದ ಅನಾಹುತಕ್ಕೆಲ್ಲ ಅದೇ ಮೂಲ. ಅಲ್ಲಿ ಯಾವುದೇ ವಾದದ ತಾಲೀಮಿಗೆ ನಿಂತರೂ ಮೊದಲು ಎದುರು ಪಕ್ಷದ ವಾದ ಹೂಡಬೇಕು. ಸುಮ್ಮನೆ ಕಾಟಾಚಾರಕ್ಕಲ್ಲ. ಎದುರಿನವರು ಕೇಳಿದರೆ ತಮ್ಮ ವಕೀಲನನ್ನು ಬಿಟ್ಟು ನಿನ್ನನ್ನೇ ಹಿಡಿಯಬೇಕು, ಅಷ್ಟು ಮನಸ್ಸಿಟ್ಟು. ಅದು ಮುಗಿದ ಮೇಲೆ ನಿನ್ನ ಪಕ್ಷಕ್ಕೆ ಬಂದು, ನೀನೇ ಕಟ್ಟಿದ್ದನ್ನು ನೀನೇ ಕೆಡವಬೇಕು. ಇದಕ್ಕೆ ಎದುರು ಕುರ್ಚಿ ಎಂದು ಹೆಸರು. ಮೊದಲ ವರ್ಷದಿಂದಲೇ ರೂಢಿಯಾಗಿ, ಯಾರೂ ಅದನ್ನು ಹೇಳಿಕೊಂಡು ಶುರುಮಾಡುತ್ತಿರಲಿಲ್ಲ. ಊಟಕ್ಕೆ ಮುಂಚೆ ಕೈತೊಳೆಯುತ್ತೇನೆಂದು ಯಾರಾದರೂ ಸಾರುತ್ತಾರೆಯೇ? ಹಾಗೆ.

ಹೊಸ ಕಾಲೇಜಿಗೂ ಅದರದೇ ಒಂದು ಪದ್ಧತಿ ಇತ್ತು. ಇಲ್ಲಿ ತಾಲೀಮು ನಡೆಯುವಾಗ ಕಕ್ಷಿದಾರರನ್ನು ಕರೆದು ಕೂರಿಸುತ್ತಿದ್ದರು. ಕೋರ್ಟೆಂದರೆ ಏನು, ತಮ್ಮ ಪರವಾಗಿ ಏನು ಹೇಳುತ್ತಾರೆ ಎಂದು ಮೊದಲೇ ಕಂಡರೆ ಬಡವರಿಗೆ ಧೈರ್ಯ ಬರುತ್ತದೆ ಎಂದು. ಎರಡೂ ಒಳ್ಳೆಯ ಪದ್ಧತಿಗಳೇ. ಒಂದೇ ಕೋಣೆಯಲ್ಲಿ ಸೇರಬಾರದಿತ್ತು, ಅಷ್ಟೆ.

ಕೋರ್ಟಿನಲ್ಲಿ ರಾಜಿ ಮಾತುಕತೆಗೆ ದಿನ ಗೊತ್ತಾಗಿ, ಅದಕ್ಕೆ ಒಂದು ವಾರ ಮುಂಚೆ ತಾಲೀಮು ಇಟ್ಟರು. ಮೇಡಂ ನ್ಯಾಯಾಧೀಶರ ಜಾಗದಲ್ಲಿ ಕೂತರು. ಮೈಕು ಕಾಗದಪತ್ರ ಜೋಡಿಸಿಕೊಂಡ. ಅಜ್ಜಿ ಪಕ್ಕದ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಮೊಮ್ಮಗಳ ಪದ್ಯ ಕೇಳಲು ಬಂದವರಂತೆ ಹುರುಪಿನಿಂದ ಕೂತಿದ್ದರು. ನೆಂಟರಮ್ಮ ಎದ್ದು ನಿಂತಳು. ಹೆದರಿಕೆಯಾದಾಗ ಮನುಷ್ಯ ರೂಢಿಯನ್ನು ಹಿಡಿಯುತ್ತಾನೆ, ಅವಳೂ ಹಿಡಿದಳು. ಕಣ್ಣು ಮೇಡಂ ಮೇಲೆ ನೆಟ್ಟು ಶುರುಮಾಡಿದಳು.

"ಮಾನ್ಯರೇ, ಈ ಮಗುವಿಗೆ ಅವನದೇ ಒಂದು ಹೆಸರಿದೆ. ಅಜ್ಜಿಯ ಮನೆಯ ಹೊಸಿಲು ದಾಟಿದ ಕೂಡಲೇ ಆ ಹೆಸರು ಇಲ್ಲವಾಗುತ್ತದೆ. ಅಲ್ಲಿ ಅವನು ತೀರಿಹೋದ ಅಪ್ಪನ ಮಂಚದಲ್ಲಿ ಮಲಗಬೇಕು, ಅಪ್ಪನ ಸ್ವೆಟರು ತೊಡಬೇಕು, ಅಪ್ಪನ ಹೆಸರಿಗೆ ಓ ಅನ್ನಬೇಕು. ಅವನಿನ್ನೂ ಐದು ವರ್ಷದ ಕೂಸು. ಸತ್ತವರ ಜಾಗ ತುಂಬುವ ಕೆಲಸವನ್ನು ಐದು ವರ್ಷದವನ ಹೆಗಲಿಗೆ ಹೊರಿಸಬಹುದೇ?"

ಮೇಡಂ ಹುಬ್ಬು ಗಂಟಿಕ್ಕಿದರು. ಎದುರಿನವರ ಮಾತನ್ನು ಒಂದೆರಡು ಸಾಲಿನಲ್ಲಿ ಹೇಳಿ ಉತ್ತರ ಕೊಡುತ್ತಾಳೇನೋ ಎಂದು ಅವರೆಣಿಕೆ. ಉತ್ತರ ಬರಲಿಲ್ಲ. ಮಾತು ಇನ್ನೂ ಆಳಕ್ಕಿಳಿಯಿತು.

"ನನ್ನ ಕಕ್ಷಿದಾರಳು ಗಂಡನನ್ನು ಕಳೆದುಕೊಂಡವಳು. ಸಂಜೆ ಕೆಲಸ ಮುಗಿಸಿ ಮಗನನ್ನು ಕರೆದೊಯ್ಯಲು ಬರುತ್ತಾಳೆ. ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಅತ್ತೆ ಅವಳ ಗಂಡನ ಹೆಸರು ಹಿಡಿದು ಕೂಗುತ್ತಾರೆ. ಅವಳ ಮಗು ಓ ಎಂದು ಓಡಿ ಬರುತ್ತದೆ. ಮಾನ್ಯರೇ, ಆ ಬಾಗಿಲಲ್ಲಿ ನಿಂತವಳಿಗೆ ಏನಾಗಬೇಕು? ಅವಳಿಗೆ ಆ ಮನೆಯಲ್ಲಿ ಅಳುವುದಕ್ಕೂ ಜಾಗವಿರಲಿಲ್ಲ. ಅಲ್ಲಿದ್ದ ದುಃಖವನ್ನೆಲ್ಲ ಅತ್ತೆಯೊಬ್ಬರೇ ಇಟ್ಟುಕೊಂಡಿದ್ದರು. ನಿನಗೂ ನೋಯುತ್ತಿದೆಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ."

ಮೈಕಿನ ಬಾಯಿ ತೆರೆದದ್ದು ತೆರೆದೇ ಇತ್ತು. ನಿಲ್ಲಿಸಬೇಕಾದ ಮೇಡಂ ಕೂಡ ಕೈಯೆತ್ತಿದವರು ಹಾಗೇ ಕೇಳುತ್ತ ಕೂತರು. ವಾದ ಅಷ್ಟು ಚೆನ್ನಾಗಿದ್ದದ್ದೇ ಗ್ರಹಚಾರ.

ಬೆಂಚು ಕಿರುಗುಟ್ಟಿತು. ಅಜ್ಜಿ ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ನೀನೂ ಅವಳ ಕಡೇನಾ?" ಎಂದರು. ಗಟ್ಟಿಯಾಗಿ ಕೂಡ ಅಲ್ಲ. "ನಂಬಿ ಎಲ್ಲಾ ಹೇಳ್ಕೊಂಡೆನಲ್ಲಮ್ಮ ನಿನ್ನ ಹತ್ರ."

"ಅಯ್ಯೋ ಅಜ್ಜಿ, ಅದು ಹಾಗಲ್ಲ, ಇದು ಬರೀ ತಾಲೀಮು, ಈಗ ನಿಮ್ಮ ಕಡೆಯದು..."

ಅಜ್ಜಿ ಚೀಲ ಹೆಗಲಿಗೇರಿಸಿ ಹೊರಟೇಹೋದರು. ಮೈಕು ಸೈಕಲ್ ಸ್ಟ್ಯಾಂಡಿನವರೆಗೂ ಹಿಂದೆ ಓಡಿ, ಬರಿಗೈಯಲ್ಲಿ ವಾಪಸು ಬಂದ. "ಕೇಸೇ ಬೇಡವಂತೆ. ಇನ್ನು ಬರಲ್ಲವಂತೆ" ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದು ಯಾರೂ ಕೇಳಿರಲಿಲ್ಲ.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ನೆಂಟರಮ್ಮನಿಗೆ. ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಎದುರು ಕುರ್ಚಿಯ ಕಥೆಯನ್ನೆಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಕಾಲೇಜಿನವರು ಒಳ್ಳೇದನ್ನೇ ಕಲಿಸಿದ್ದಾರೆ. ಆದ್ರೆ ಅಲ್ಲಿ ನಿಮ್ಮೆದುರು ಇದ್ದದ್ದು ಕಾಗದದ ಮೇಲಿನ ಕಕ್ಷಿದಾರ. ಇಲ್ಲಿ ಕೂತಿದ್ದವರಿಗೆ ಜೀವ ಇದೆ. ಒಂದು ಮಾತು, ಒಂದೇ ಒಂದು ಮಾತು ಮುಂಚೆ ಹೇಳಬಾರದಿತ್ತಾ?"

"ಹೊಳೀಲೇ ಇಲ್ಲ ಮೇಡಂ."

"ರಾಜಿ ಮಾತುಕತೆ ದಿನ ಅವರು ಕೋರ್ಟಿಗೆ ಬರ್ಲಿಲ್ಲ ಅಂದ್ರೆ ಅರ್ಜಿ ಬಿದ್ದುಹೋಗುತ್ತೆ. ಈ ವಯಸ್ಸಲ್ಲಿ ಮತ್ತೆ ಹೊಸದಾಗಿ ಹಾಕೋ ಚೈತನ್ಯ ಅವರಿಗಿರಲ್ಲ. ಮೊಮ್ಮಗನನ್ನ ನೋಡೋ ದಾರಿ ಮುಚ್ಚಿದ ಹಾಗೇ. ನಿಮ್ಮ ಸಹಿ ವಿಚಾರ ಆಮೇಲಿನದು. ಕಕ್ಷಿದಾರರು ಬಿಟ್ಟುಹೋದ ಕೇಸಿಗೆ ನಾನು ಸಹಿ ಹಾಕೋಕಾಗಲ್ಲ, ಅದು ನಿಮಗೂ ಗೊತ್ತು."

ಮನೆಗೆ ಬಂದವಳೇ ಅಕ್ಕನ ಮಂಚದ ಕಾಲ ಬಳಿ ಕೂತು ಅತ್ತಳು. ಅಕ್ಕ ಪೂರ್ತಿ ಕೇಳಿದಳು. ನಡುವೆ ಒಮ್ಮೆ ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು. ಅಲ್ಲ, ತಮ್ಮ ಪರ ವಾದ ಕೇಳಲೆಂದು ಮುದುಕಮ್ಮ ಅಷ್ಟು ಖುಷಿಯಿಂದ ಬಂದರೆ, ಇವಳು ಸೊಸೆಯ ವಕೀಲಿಕೆ ವಹಿಸಿಕೊಂಡು ನಿಂತಳಲ್ಲ!

"ನಗ್ಬೇಡ ಕಣೇ ಅಕ್ಕ."

"ನಗ್ತಿಲ್ಲ ಬಿಡು. ಒಂದು ಕೇಳ್ತೀನಿ. ನೀನು ಹೇಳಿದ್ದು ಸುಳ್ಳಾ?"

ತಂಗಿ ಕಣ್ಣೊರೆಸಿಕೊಂಡು ಯೋಚಿಸಿದಳು. "ಗೊತ್ತಿಲ್ಲ. ಸೊಸೆನ ನಾನು ನೋಡೇ ಇಲ್ಲ. ಅಜ್ಜಿ ಹೇಳಿದ್ದನ್ನೇ ಆ ಕಡೆ ನಿಂತು ನೋಡಿದೆ. ಸುಳ್ಳು ಅಂತ ಅನ್ನಿಸ್ಲಿಲ್ಲ."

"ಹಾಗಾದ್ರೆ ಆಡಿದ್ದಕ್ಕೆ ಕ್ಷಮೆ ಕೇಳ್ಬೇಡ. ಆಡಿದ ರೀತಿಗೆ ಕೇಳು. ಇಲ್ಲಿ ಕೂತು ಅತ್ರೆ ಆ ಅಜ್ಜಿಗೆ ಕೇಳಿಸುತ್ತಾ? ನಾಳೆ ಹೋಗು. ನನ್ನ ಚಿಂತೆ ಬೇಡ, ಪಕ್ಕದ ಮನೆಯೋರು ಬಂದು ಕೂತಿರ್ತಾರೆ. ಅವರಿಗೂ ಹರಟೋಕೆ ಮಲಗಿರೋ ಮನುಷ್ಯರೇ ಬೇಕು, ತಪ್ಪಿಸ್ಕೊಂಡು ಓಡಲ್ವಲ್ಲ."

ಮರುದಿನ ತರಗತಿ ಬಿಟ್ಟು ಹೋದಳು. ಅಜ್ಜಿಯ ಮನೆ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ. ಕಡಿದಾದ ಮೆಟ್ಟಿಲು, ಗೋಡೆಯಲ್ಲಿ ಕೈ ತಾಗಿ ತಾಗಿ ಬಣ್ಣ ಹೋದ ಪಟ್ಟೆ. ಬಾಗಿಲು ತಟ್ಟಿದಳು. ಒಳಗೆ ಹೆಜ್ಜೆ ಸಪ್ಪಳ ಬಾಗಿಲತನಕ ಬಂದು ನಿಂತಿತು.

"ಯಾರು?"

"ನಾನು ಅಜ್ಜಿ. ಕಾಲೇಜಿನವಳು."

"ಇನ್ನೂ ಏನಾದ್ರೂ ಬಾಕಿ ಉಳಿದಿದ್ಯಾ ಹೇಳೋದು?"

ಮುಚ್ಚಿದ ಬಾಗಿಲಿಗೇ ಅವಳು ಎಲ್ಲ ಹೇಳಿದಳು. ಹಳೆಯ ಕಾಲೇಜು, ಎದುರು ಕುರ್ಚಿ, ರೂಢಿ, ತನ್ನ ಪೆದ್ದುತನ. ಕೇಸು ಬಿಡಬೇಡಿ, ಬೇಕಾದರೆ ತನ್ನನ್ನು ಬಿಡಿ, ಮೈಕು ನಡೆಸುತ್ತಾನೆ, ಕೋರ್ಟಿಗೆ ಮಾತ್ರ ಬನ್ನಿ ಎಂದು ಅಂಗಲಾಚಿದಳು. ಕೆಳಗಿನ ಅಂಗಡಿಯವನು ಮೆಟ್ಟಿಲ ಬುಡಕ್ಕೆ ಬಂದು ಇಣುಕಿ ಹೋದ. ಕೊನೆಗೆ ಅಗುಳಿ ಸರಿಯಿತು.

ಅಜ್ಜಿಯ ಕಣ್ಣು ಊದಿತ್ತು. ಬಟ್ಟೆಗೆ ಇಸ್ತ್ರಿ ಇರಲಿಲ್ಲ. ಒಳಗೆ ಕೂರಿಸಿದರು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಮಂಚ, ಸುಕ್ಕಿಲ್ಲದ ಹೊದಿಕೆ, ಮೊಳೆಗೆ ನೇತುಹಾಕಿದ ಗಂಡಸಿನ ಅಂಗಿ ಕಾಣುತ್ತಿತ್ತು. ಅದರತ್ತ ನೋಡದ ಹಾಗೆ ನೆಂಟರಮ್ಮ ಕೂತಳು.

"ನಿನ್ನೆ ಹೇಳಿದ್ಯಲ್ಲ, ಅದನ್ನ ಇನ್ನೊಂದ್ ಸಲ ಹೇಳು" ಎಂದರು ಅಜ್ಜಿ.

"ಬೇಡ ಅಜ್ಜಿ."

"ಹೇಳು ಅಂದ್ನಲ್ಲ. ಮಾನ್ಯರೇ ಗೀನ್ಯರೇ ಎಲ್ಲ ಬೇಡ. ಅವಳೇ ಬಂದು ಇಲ್ಲಿ ಕೂತಿದ್ರೆ ಹೇಗೆ ಹೇಳ್ತಿದ್ಲೋ ಹಾಗೆ ಹೇಳು."

ಇದು ಯಾವ ಕಾಲೇಜಿನಲ್ಲೂ ಕಲಿಸಿದ ಪಾಠವಲ್ಲ. ಆದರೂ ನೆಂಟರಮ್ಮ ಹೇಳಿದಳು.

"ಅತ್ತೆ, ಅವರು ನಿಮಗೆ ಮಗ, ನನಗೆ ಗಂಡ. ನೀವು ಅವರ ಹೆಸರು ಹಿಡಿದು ಕೂಗಿದಾಗೆಲ್ಲ ಒಂದು ಗಳಿಗೆ ಅವರೇ ಒಳಗಿದ್ದಾರೇನೋ ಅನ್ಸುತ್ತೆ. ಆಮೇಲೆ ಇವನು ಓಡಿ ಬರ್ತಾನೆ. ಇವನನ್ನ ನೋಡಿ ನನಗೆ ನಿರಾಸೆ ಆಗುತ್ತೆ ಅತ್ತೆ, ಹೆತ್ತ ಮಗನನ್ನ ನೋಡಿ ನಿರಾಸೆ. ಅದನ್ನ ಯಾರ ಹತ್ರ ಹೇಳ್ಲಿ? ಅದಕ್ಕೇ ಬರೋದು ಬಿಟ್ಟೆ."

ಹೇಳಿ ಮುಗಿಸಿದಾಗ ಅವಳ ಕಣ್ಣಲ್ಲೂ ನೀರಿತ್ತು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದರು. ಅತ್ತು, ಮೂಗು ಒರೆಸಿಕೊಂಡು, ಮತ್ತೆ ಬೆನ್ನು ನೆಟ್ಟಗೆ ಮಾಡಿದರು.

"ಅವಳು ಬಾಗಿಲಲ್ಲೇ ನಿಲ್ತಿದ್ಲು. ಒಳಗೆ ಬಾ ಅಂದ್ರೂ ಬರ್ತಿರ್ಲಿಲ್ಲ. ಸೊಕ್ಕು ಅಂದ್ಕೊಂಡಿದ್ದೆ." ಸ್ವಲ್ಪ ತಡೆದು, "ಈಗ ನನ್ನ ಕಡೆಯದು ಹೇಳು" ಎಂದರು.

ನೆಂಟರಮ್ಮ ಸರಿಯಾಗಿ ಕೂತಳು. ಇದಕ್ಕೆ ತಯಾರಿ ಬೇಕಾದಷ್ಟಿತ್ತು. ಮಗುವಿನ ಹಿತ, ಅಜ್ಜಿಗೆ ಇರುವ ಹಕ್ಕು, ಯಾವ ಕಲಮು ಏನನ್ನುತ್ತದೆ, ಯಾವ ಕೋರ್ಟು ಯಾವ ಕೇಸಿನಲ್ಲಿ ಏನು ತೀರ್ಪು ಕೊಟ್ಟಿದೆ. ನೀರು ಕುಡಿದಂತೆ ಹೇಳಿಕೊಂಡು ಹೋದಳು. ಅಜ್ಜಿ ತಲೆ ಒಂದು ಕಡೆ ವಾಲಿಸಿ ಕೇಳಿದರು.

"ಇದ್ರಲ್ಲಿ ನಾನೆಲ್ಲಿದೀನಿ?" ಎಂದರು.

ನಿಜವಾದ ತಪ್ಪು ಯಾವುದೆಂದು ನೆಂಟರಮ್ಮನಿಗೆ ಆಗ ಹೊಳೆಯಿತು. ಕಣ್ಣಾರೆ ಕಾಣದ ಸೊಸೆಯ ಒಳಗೆ ಹೊಕ್ಕು ಅವಳ ಸಂಕಟವನ್ನು ತೋಡಿ ತಂದವಳು, ದಿನಾ ಎದುರಿಗೆ ಕೂತು ಕೈಹಿಡಿದು ಮಾತಾಡಿದ ಅಜ್ಜಿಗಾಗಿ ಬರೀ ಕಲಮುಗಳನ್ನು ಜೋಡಿಸಿಟ್ಟಿದ್ದಳು. ಎದುರು ಕುರ್ಚಿಯಲ್ಲಿ ಅಷ್ಟು ಮನಸ್ಸಿಟ್ಟು ಕೂರಲು ಕಲಿಸಿದವರು ನಮ್ಮ ಕುರ್ಚಿಯಲ್ಲೂ ಹಾಗೇ ಕೂರಬೇಕೆಂದು ಬೇರೆ ಹೇಳಿರಲಿಲ್ಲ; ಗೊತ್ತಿರುತ್ತದೆ ಎಂದುಕೊಂಡಿದ್ದರೋ ಏನೋ. ಅವಳಿಗೆ ನಾಚಿಕೆಯಾಯಿತು, ನಿನ್ನೆಗಿಂತ ಹೆಚ್ಚು.

"ತಪ್ಪಾಯ್ತು ಅಜ್ಜಿ" ಎಂದಳು. ಈ ಸಲ ಅದನ್ನು ನಿಜಕ್ಕೂ ಹೇಳಿದಳು.

"ಕೋರ್ಟಿಗೆ ಬರ್ತೀನಿ. ನೀನೇ ಪಕ್ಕದಲ್ಲಿರು. ಆದ್ರೆ ಮೊದ್ಲು ಮಾತಾಡೋದು ನಾನು. ನೀನು ಬಾಯಿ ಬಿಡಕೂಡ್ದು. ನಿನ್ನ ಬಾಯಿ ಯಾವ ಕಡೆ ಹೋಗುತ್ತೋ ನನಗೆ ಧೈರ್ಯವಿಲ್ಲ" ಎಂದರು ಅಜ್ಜಿ. ಅದರಲ್ಲಿ ಒಂದು ಎಳೆ ನಗುವೂ ಇತ್ತು.

ರಾಜಿ ಮಾತುಕತೆಯ ಕೋಣೆ ಕೋರ್ಟಿನ ಎರಡನೇ ಮಹಡಿಯಲ್ಲಿತ್ತು. ದುಂಡು ಮೇಜು, ಧೂಳು ಕೂತ ಪ್ಲಾಸ್ಟಿಕ್ ಹೂವು, ಸದ್ದು ಮಾಡುವ ಫ್ಯಾನು. ಮಧ್ಯೆ ಸಂಧಾನಕ್ಕೆ ನೇಮಿಸಿದ ಹಿರಿಯರು. ಒಂದು ಕಡೆ ಸೊಸೆ, ಅವಳ ವಕೀಲರು. ಇನ್ನೊಂದು ಕಡೆ ಅಜ್ಜಿ, ಮೇಡಂ, ನೆಂಟರಮ್ಮ. ಮೈಕನ್ನು ಹೊರಗೆ ಕೂರಿಸಿ ಬಂದಿದ್ದರು. ಪಿಸುಮಾತಿನ ಕೋಣೆಯಲ್ಲಿ ಅವನು ಅಪಾಯ.

ಸೊಸೆಯನ್ನು ನೆಂಟರಮ್ಮ ಅಂದೇ ಮೊದಲು ಕಂಡದ್ದು. ತನಗಿಂತ ಐದಾರು ವರ್ಷ ದೊಡ್ಡವಳಿರಬಹುದು, ಅಕ್ಕನ ವಯಸ್ಸು. ಅಂಗಡಿಯಿಂದ ನೇರ ಬಂದಿದ್ದಳು, ಜೇಬಿನಲ್ಲಿ ಪೆನ್ನು ಹಾಗೇ ಇತ್ತು. ದವಡೆ ಬಿಗಿಹಿಡಿದು ಮೇಜನ್ನೇ ನೋಡುತ್ತಿದ್ದಳು. ಇವಳ ಮನಸ್ಸಿನಲ್ಲಿ ಏನಿದೆಯೆಂದು ತಾನು ಅಷ್ಟೆಲ್ಲ ಹೇಳಿದೆನಲ್ಲ, ಅದರಲ್ಲಿ ಒಂದಾದರೂ ನಿಜವಿರದಿದ್ದರೆ? ನೆಂಟರಮ್ಮ ಅಜ್ಜಿಯತ್ತ ನೋಡಿದಳು. ಅಜ್ಜಿ ನಂಬಿ ಬಂದದ್ದು ಅವಳ ಊಹೆಯನ್ನು.

ಸೊಸೆಯ ವಕೀಲರು ಗಂಟಲು ಸರಿಮಾಡಿಕೊಂಡರು. ಅಜ್ಜಿ ಅವರಿಗಿಂತ ಮುಂಚೆ ಶುರುಮಾಡಿದರು.

"ಸ್ವಾಮಿ, ಒಂದು ನಿಮಿಷ. ನಾನು ಇವಳ ಹತ್ರ ಮಾತಾಡ್ಬೇಕು." ಸೊಸೆಯ ಕಡೆ ತಿರುಗಿದರು. "ನೀನು ಬಾಗಿಲಲ್ಲಿ ನಿಂತಿರ್ತಿದ್ದೆ. ನಾನು ಒಳಗಿಂದ ಗುಬ್ಬೀ ಅಂತ ಕೂಗ್ತಿದ್ದೆ. ನಿನಗೆ ಹೇಗಾಗುತ್ತೆ ಅಂತ ನಾನು ಒಂದು ದಿನವೂ ಯೋಚ್ನೆ ಮಾಡ್ಲಿಲ್ಲ ಕಣಮ್ಮ. ಮಗ ನನ್ನವನು, ದುಃಖವೂ ನಂದೇ ಅಂದ್ಕೊಂಡಿದ್ದೆ."

ಸೊಸೆ ತಲೆ ಎತ್ತಲಿಲ್ಲ.

"ಗುಬ್ಬಿ ನನ್ನ ಮಗ. ಅವನು ಹೋದ." ಅಜ್ಜಿ ಅಲ್ಲಿ ನಿಂತರು. ಎರಡು ವರ್ಷದಲ್ಲಿ ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲೇನೋ, ಉಸಿರು ತೆಗೆದುಕೊಳ್ಳಬೇಕಾಯಿತು. "ಇವನು ನಿನ್ನ ಮಗ. ಇವನ ಹೆಸರು ಬೇರೆ. ಇನ್ಮೇಲೆ ಅವನ ಹೆಸರಲ್ಲೇ ಕರೀತೀನಿ. ಆ ಸ್ವೆಟರು ಎತ್ತಿಟ್ಟಿದ್ದೀನಿ. ಮಂಚದ ಮೇಲೆ ನಾನೇ ಮಲಗ್ತೀನಿ, ನನ್ನ ಬೆನ್ನಿಗೂ ಒಳ್ಳೇದು."

ಸೊಸೆ ನಿಧಾನ ಮುಖವೆತ್ತಿದಳು. ಅವಳ ದನಿ ಒರಟಾಗಿತ್ತು.

"ನಾನು ಬಾಗಿಲಲ್ಲಿ ಯಾಕೆ ನಿಲ್ತಿದ್ದೆ ಅಂತ ನಿಮಗೆ ಯಾರು ಹೇಳಿದ್ರು? ನಮ್ಮ ವಕೀಲರಿಗೂ ನಾನು ಹೇಳಿಲ್ಲ."

"ಈ ಹುಡುಗಿ. ನನ್ನ ಎದುರಿಗೇ ನಿಂತು ನಿನ್ನ ಪರವಾಗಿ ವಾದ ಮಾಡಿದ್ಲು."

ಸೊಸೆಯ ವಕೀಲರು ಕಕ್ಕಾಬಿಕ್ಕಿಯಾಗಿ ಮೇಡಂ ಮುಖ ನೋಡಿದರು. ಮೇಡಂ ಕಿಟಕಿಯಾಚೆ ಏನೋ ಇದೆಯೆಂಬಂತೆ ಅತ್ತ ನೋಡಿದರು. ಸೊಸೆ ನೆಂಟರಮ್ಮನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, ಜೇಬಿನ ಪೆನ್ನು ಕೈಗೆತ್ತಿಕೊಂಡು ಅದರ ಮುಚ್ಚಳ ತೆಗೆದು ಹಾಕಿ ಮಾಡುತ್ತ ಮಾತಾಡಿದಳು.

"ಅವನು ನಿಮ್ಮನ್ನ ಕೇಳ್ತಾನೆ. ದಿನಾ ಏನಲ್ಲ. ಆದ್ರೆ ಕೇಳ್ತಾನೆ. ಶನಿವಾರ ಕರ್ಕೊಂಡು ಬರ್ತೀನಿ. ಆದ್ರೆ ಬಿಟ್ಟು ಹೋಗಲ್ಲ ಅತ್ತೆ. ಮೊದ್ಲೇ ಹೇಳ್ತೀನಿ. ಅವನು ಇರೋಷ್ಟು ಹೊತ್ತೂ ನಾನು ಅಲ್ಲೇ ಕೂತಿರ್ತೀನಿ."

ನೆಂಟರಮ್ಮನೊಳಗಿನ ವಕೀಲೆ ಎಚ್ಚೆತ್ತಳು. ಅಜ್ಜಿ ಮೊಮ್ಮಗನ ಜೊತೆ ಆಡುವುದನ್ನು ತಾಯಿ ಕಾವಲು ಕೂತು ನೋಡುವುದೆಂದರೇನು? ಕಳ್ಳರನ್ನು ಕಾದ ಹಾಗೆ! ಇದಕ್ಕೆ ಒಪ್ಪಬಾರದು, ಕಡೇಪಕ್ಷ ಒಂದೆರಡು ತಿಂಗಳಿಗೆ ಮಿತಿ ಹಾಕಿಸಬೇಕು. ಇಂಥದಕ್ಕೇ ಒಂದು ತೀರ್ಪು ಅವಳ ನಾಲಿಗೆಯ ತುದಿಗೆ ಬಂದಿತ್ತು. ಈ ಸಲವಾದರೂ ಅಜ್ಜಿಯ ಕಡೆ ನಿಲ್ಲಬೇಕೆಂದು ಅವಳು ಬಾಯಿ ತೆರೆದಳು.

ಅಜ್ಜಿ ಅವಳ ಮಣಿಕಟ್ಟು ಅದುಮಿ ಹಿಡಿದರು.

"ಕೂತಿರು" ಎಂದರು ಸೊಸೆಗೆ. "ಬಾಗಿಲಲ್ಲಿ ಬೇಡ, ಒಳಗೆ ಬಂದು ಕೂತ್ಕೋ. ನಿನ್ನನ್ನ ನೋಡಿನೂ ಒಂದು ವರ್ಷ ಆಯ್ತಲ್ಲೇ."

ಅಷ್ಟು ಹೊತ್ತು ಬಿಗಿಹಿಡಿದಿದ್ದ ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪೆನ್ನು ಉರುಳಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಡಲು ಎರಡೂ ಕಡೆಯ ವಕೀಲರು ಒಟ್ಟಿಗೆ ಬಗ್ಗಿದರು. ನೆಂಟರಮ್ಮ ತೆರೆದ ಬಾಯಿ ಮುಚ್ಚಿದಳು. ಅವಳೆದುರಿಗೆ ಅರ್ಜಿಯ ಪ್ರತಿ ಇತ್ತು, ಪುಟಗಟ್ಟಲೆ ಬೇಡಿಕೆ. ಮೊಮ್ಮಗನನ್ನು ನೋಡಬೇಕೆಂದು ಅದರಲ್ಲಿ ಹತ್ತು ಕಡೆ ಇತ್ತು. ಸೊಸೆಯನ್ನು ನೋಡಬೇಕೆಂದು ಎಲ್ಲೂ ಇರಲಿಲ್ಲ.